ಕ್ಷುದ್ರಗ್ರಹಗಳು ಮತ್ತು ಭೂಮಿಯ ಸುರಕ್ಷತೆ



ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯಲ್ಲಿರುವ ಲೋಣಾರ್ ಸರೋವರವನ್ನು ತಮ್ಮಲ್ಲಿ ಕೆಲವರಾದರೂ ನೋಡಿರಬಹುದು. ಸುಮಾರು 1.8 ಕಿಲೋಮೀಟರ್ ವ್ಯಾಸದ ದುಂಡನೆಯ ಕುಳಿ. ಅದರ ತಳದಲ್ಲಿ ಉಪ್ಪುನೀರು. ಈ ಕುಳಿ ಜ್ವಾಲಾಮುಖಿಯಿಂದ ಉಂಟಾದುದೆಂದು ಹಿಂದೆ ಅನೇಕರು ಭಾವಿಸಿದ್ದರು. ಭಾರೀ ಆಘಾತದಿಂದ ಮಾತ್ರ ಗಾಜಿನ ರೂಪ ತಾಳುವ ಖನಿಜಗಳು 1970ರ ದಶಕದಲ್ಲಿ ಅಲ್ಲಿನ ಶಿಲೆಗಳಲ್ಲಿ ದೊರೆತವು. ಆಕಾಶದಿಂದ ಎರಗಿದ ಕಾಯವೊಂದು ದಖನಿನ ಗಟ್ಟಿ ಕಪ್ಪುಶಿಲೆಯನ್ನು ಭೇದಿಸಿದ ಗುರುತು ಇದೆಂಬುದು ಆಗ ಸ್ಥಿರಪಟ್ಟಿತು.

ಮಂಗಳ ಮತ್ತು ಗುರು ಗ್ರಹಗಳ ಕಕ್ಷೆಗಳ ನಡುವೆ ಲಕ್ಷಾಂತರ ಕ್ಷುದ್ರಗ್ರಹಗಳು ಸೂರ್ಯನನ್ನು ಸುತ್ತುತ್ತಿವೆ. ಗುರುಗ್ರಹದ ಸೆಳೆತಕ್ಕೆ ಸಿಕ್ಕಿ ಕೆಲವು ತಮ್ಮ ಹಾದಿಯನ್ನು ಬಿಟ್ಟು ಭೂಮಿಯ ಸಮೀಪಕ್ಕೆ ಬರುತ್ತವೆ. ಸೆಕೆಂಡಿಗೆ ಹತ್ತಾರು ಕಿಲೋಮೀಟರ್ ವೇಗದಲ್ಲಿ ಬರುವುದರಿಂದ ಅವುಗಳ ಹೊಡೆತ ಗಾತ್ರಕ್ಕೆ ಮೀರಿದ್ದಾಗಿರುತ್ತದೆ.

ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹತ್ತು ಕಿಲೋಮೀಟರಿನಷ್ಟು ದೊಡ್ಡ ಕಾಯವೊಂದು ಇಂದಿನ ಮೆಕ್ಸಿಕೋದ ಯುಕಟಾನ್ ಪ್ರದೇಶಕ್ಕೆ ಅಪ್ಪಳಿಸಿತು. ಮೇಲೆದ್ದ ಧೂಳು, ಮಸಿಗಳು ಬಿಸಿಲನ್ನು ಮರೆಮಾಡಿದವು, ಸಸ್ಯಗಳು ನಶಿಸಿದವು, ಡೈನೋಸಾರುಗಳ ಯುಗ ಮುಗಿಯಿತು. ಆ ಕಾಲದ ಮಣ್ಣಿನ ಪದರದಲ್ಲಿ, ಭೂಮಿಯ ಮೇಲ್ಪದರದಲ್ಲಿ ವಿರಳವಾದ ಇರಿಡಿಯಂ ಧಾತು ಹೇರಳವಾಗಿರುವುದನ್ನು ಲೂಯಿಸ್ ಮತ್ತು ವಾಲ್ಟರ್ ಆಲ್ವರೆಜ್ ಎಂಬ ತಂದೆ-ಮಗ ವಿಜ್ಞಾನಿಗಳೂ ಅವರ ಸಂಗಡಿಗರೂ 1980ರಲ್ಲಿ ಪ್ರಕಟಿಸಿದರು.

ಅಂತಹ ಮಹಾಘಾತಗಳು ಕೋಟ್ಯಂತರ ವರ್ಷಗಳಿಗೊಮ್ಮೆ ಸಂಭವಿಸುವಂಥವು. ಚಿಕ್ಕವುಗಳ ಮಾತು ಬೇರೆ. 1908ರ ಜೂನ್ 30ರಂದು ಸೈಬೀರಿಯಾದ ತುಂಗುಸ್ಕಾದಲ್ಲಿ ಆಕಾಶಕಾಯವೊಂದು ಗಾಳಿಯಲ್ಲೇ ಸ್ಫೋಟಿಸಿ 2,000 ಚದರ ಕಿಲೋಮೀಟರಿಗೂ ಹೆಚ್ಚಿನ ಅರಣ್ಯವನ್ನು ನೆಲಕ್ಕುರುಳಿಸಿತು. 2013ರ ಫೆಬ್ರವರಿ 15ರಂದು ರಷ್ಯಾದ ಚೆಲ್ಯಾಬಿನ್ಸ್ಕ್ ನಗರದ ಮೇಲೆ ಸುಮಾರು 20 ಮೀಟರಿನ ಕಾಯವೊಂದು ಸಿಡಿಯಿತು. ಸೂರ್ಯನ ದಿಕ್ಕಿನಿಂದ ಬಂದ ಅದನ್ನು ಮೊದಲೇ ಯಾರೂ ಕಂಡಿರಲಿಲ್ಲ. ಬೆಳಕನ್ನು ಕಂಡು ಜನ ಕಿಟಕಿಗಳ ಬಳಿಗೆ ಬಂದರು. ಆಘಾತದ ಅಲೆ ತಲಪಿದ್ದು ಆನಂತರ. ಗಾಯಗೊಂಡ ಸುಮಾರು 1,500 ಮಂದಿಯಲ್ಲಿ ಅನೇಕರಿಗೆ ತಗುಲಿದ್ದು ಒಡೆದ ಗಾಜಿನ ಚೂರುಗಳು. ಆಕಾಶದಲ್ಲಿ ಕಣ್ಣು ಕೋರೈಸುವ ಬೆಳಕು ಕಂಡಾಗ ಕಿಟಕಿಯಿಂದ ದೂರ ಸರಿಯಬೇಕೆಂಬುದು ನಾವೆಲ್ಲ ನೆನಪಿಡಬೇಕಾದ ಪಾಠ.

ಭೂಕಂಪ ಎಂದು ಸಂಭವಿಸುವುದೆಂದು ಯಾರೂ ಮುಂದಾಗಿ ಹೇಳಲಾರರು, ಚಂಡಮಾರುತವನ್ನು ತಡೆಯಲಾರರು. ಕ್ಷುದ್ರಗ್ರಹದ ಹಾದಿಯನ್ನಾದರೋ ವರ್ಷಗಳ ಮೊದಲೇ ಲೆಕ್ಕ ಹಾಕಬಹುದು, ಬದಲಿಸಲೂಬಹುದು. 2022ರ ಸೆಪ್ಟೆಂಬರ್ 26ರಂದು ಅಮೆರಿಕದ ಡಾರ್ಟ್ ನೌಕೆ ಸುಮಾರು 160 ಮೀಟರ್ ವ್ಯಾಸದ ಡೈಮಾರ್ಫಸ್‌ಗೆ ಉದ್ದೇಶಪೂರ್ವಕವಾಗಿ ಡಿಕ್ಕಿ ಹೊಡೆಯಿತು. ಅದು ತನ್ನ ಒಡನಾಡಿ ಕಾಯವನ್ನು ಸುತ್ತುವ ಅವಧಿ ಅರ್ಧ ಗಂಟೆಗೂ ಹೆಚ್ಚು ಕಡಿಮೆಯಾಯಿತು. ಸಕಾಲದಲ್ಲಿ ಕೊಟ್ಟ ಸಣ್ಣ ನೂಕು ವರ್ಷಗಳು ಕಳೆದಂತೆ ಸಾವಿರಾರು ಕಿಲೋಮೀಟರುಗಳ ಅಂತರವಾಗಿ ಬೆಳೆಯಬಲ್ಲದು.

ಆದರೆ ಕಾಣದ ಶತ್ರುವನ್ನು ತಡೆಯುವುದೆಂತು? ಒಂದು ಕಿಲೋಮೀಟರಿಗಿಂತ ದೊಡ್ಡದಾದ ಭೂಸಮೀಪದ ಕ್ಷುದ್ರಗ್ರಹಗಳಲ್ಲಿ ಶೇಕಡ 90ಕ್ಕೂ ಹೆಚ್ಚು ಪತ್ತೆಯಾಗಿವೆ. ಒಂದು ನಗರವನ್ನು ನಾಶಮಾಡಬಲ್ಲ, 140 ಮೀಟರಿಗೆ ಮೇಲ್ಪಟ್ಟವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇನ್ನೂ ಪತ್ತೆಯಾಗಬೇಕಾಗಿವೆ. ಆದ್ದರಿಂದ ದೂರದರ್ಶಕಗಳ ಮೂಲಕ ಎಡೆಬಿಡದ ಶೋಧವೇ ನಮ್ಮ ಮೊದಲ ರಕ್ಷಾಕವಚ.

2029ರ ಏಪ್ರಿಲ್ 13ರಂದು, ಭಾರತೀಯ ಕಾಲಮಾನದಂತೆ 14ರ ನಸುಕಿನಲ್ಲಿ, ಅಪೋಫಿಸ್ ಎಂಬ ಕ್ಷುದ್ರಗ್ರಹ ನಮ್ಮ ಭೂಸ್ಥಿರ ಉಪಗ್ರಹಗಳಿಗಿಂತಲೂ ಹತ್ತಿರ, ಸುಮಾರು 32,000 ಕಿಲೋಮೀಟರ್ ಎತ್ತರದಲ್ಲಿ ಹಾದುಹೋಗಲಿದೆ. ಅದು ಭೂಮಿಗೆ ಬಡಿಯದೆಂಬುದು ಖಚಿತವಾಗಿದೆ. ಆ ಸಮಯದಲ್ಲಿ ಪ್ರಳಯದ ವದಂತಿಗಳು ಹಬ್ಬಿದರೆ ತಾವು ಕಿವಿಗೊಡಬೇಕಾಗಿಲ್ಲ. ಭಯವನ್ನು ತೊರೆದು ಎಚ್ಚರವನ್ನು ಉಳಿಸಿಕೊಳ್ಳುವುದೇ ವಿಜ್ಞಾನ ನಮಗೆ ಕಲಿಸುವ ವಿವೇಕ.