ಹವ್ಯಾಸವನ್ನು ಬರೆದಿಡೋಣ

(ಸಂಘದ ಮಹಿಳಾ ವಿಭಾಗದ ಕೂಟದಲ್ಲಿ ಆಡಿದ ಮಾತುಗಳ ಬರಹರೂಪ)



‘ನನ್ನ ಹವ್ಯಾಸ’ ಎಂಬ ವಿಷಯದ ಮೇಲೆ ಮಾತಾಡಬೇಕೆಂದು ಹೇಳಿದ್ದೀರಿ. ನನಗೆ ಹಾಡು ಬಾರದು, ಕಸೂತಿಯೂ ಬಾರದು. ನನ್ನ ಹವ್ಯಾಸ ಮಳೆಗಾಲದ ಸೊಪ್ಪು, ತರಕಾರಿ. ಜೂನ್ ಬಂತೆಂದರೆ ಬೊರಿವಲಿ ಸ್ಟೇಷನ್ನಿನ ಹೊರಗೆ ಪಾಲ್ಘರ್ ಕಡೆಯ ಆದಿವಾಸಿ ಹೆಂಗಸರು ಗೋಣಿ ಹಾಸಿ ಕಾಡುಸೊಪ್ಪು ಮಾರಲು ಕೂರುತ್ತಾರೆ. ಅವರಿಂದ ಕೊಳ್ಳುತ್ತೇನೆ, ಹೆಸರು ಕೇಳುತ್ತೇನೆ, ಬೇಯಿಸುತ್ತೇನೆ. ರಾತ್ರಿ ಪಾತ್ರೆ ತೊಳೆದಾದ ಮೇಲೆ ಅದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ಹದಿನಾಲ್ಕು ಮಳೆಗಾಲಕ್ಕೆ ಐದು ನೋಟ್‌ಬುಕ್ ತುಂಬಿವೆ.

“ತಿಂದು ಮುಗಿಯುವ ಸೊಪ್ಪಿನ ಬಗ್ಗೆ ಬರೆಯುವುದೇನು ಬಂತು?” ಎಂದು ನಮ್ಮ ಮನೆಯವರು ನಗುತ್ತಾರೆ. ಇಂದು ಆ ಪ್ರಶ್ನೆಗೇ ಉತ್ತರ ಹೇಳುತ್ತೇನೆ.

ಮೊದಲನೆಯದು, ಬರೆಯಲು ಕುಳಿತರೆ ಕಣ್ಣು ಚುರುಕಾಗುತ್ತದೆ. ‘ಇವತ್ತು ಸೊಪ್ಪು ತಂದೆ’ ಎಂದಷ್ಟೇ ಬರೆದರೆ ಪುಟ ತುಂಬುವುದಿಲ್ಲ. ಎಲೆ ದುಂಡಗಿತ್ತೋ ಉದ್ದವಿತ್ತೋ, ದಂಟಿನ ಬಣ್ಣ ಯಾವುದು, ಹೂ ಬಿಟ್ಟಿತ್ತೋ ಇಲ್ಲವೋ ಎಂದು ಮತ್ತೊಮ್ಮೆ ನೋಡಬೇಕಾಗುತ್ತದೆ. ನಮ್ಮ ಮುಂಬಯಿಯವರೇ ಆದ ಸಲೀಂ ಅಲಿ ಅವರ ಕತೆ ನಿಮಗೆ ಗೊತ್ತಿರಬಹುದು. 1930ರಲ್ಲಿ ಕೈಯಲ್ಲಿ ಕೆಲಸವಿಲ್ಲದೆ ಅಲಿಬಾಗ್ ಹತ್ತಿರದ ಕಿಹೀಮ್‌ನಲ್ಲಿದ್ದಾಗ ಅವರು ಗೀಜಗನ ಗೂಡುಗಳನ್ನು ನೋಡುತ್ತಾ, ಕಂಡದ್ದನ್ನು ಬರೆದಿಟ್ಟರು. ಗಂಡು ಗೂಡನ್ನು ಅರ್ಧ ಕಟ್ಟಿ ನಿಲ್ಲಿಸುತ್ತದೆ, ಹೆಣ್ಣು ಬಂದು ಪರೀಕ್ಷಿಸಿ ಒಪ್ಪಿದರೆ ಮಾತ್ರ ಪೂರ್ತಿ ಮಾಡುತ್ತದೆ, ಆಮೇಲೆ ಇನ್ನೊಂದು ಗೂಡಿಗೆ ಕೈಹಾಕುತ್ತದೆ ಎಂಬುದು ಹಾಗೆ ತಿಳಿಯಿತು. ಗೀಜಗವನ್ನು ನೋಡಿದವರು ಸಾವಿರಾರು ಜನ. ಕೂತು ಬರೆದವರಿಂದ ಅದು ವಿದ್ಯೆಯಾಯಿತು.

ಎರಡನೆಯದು ಹೆಸರು. ನಮ್ಮ ಊರಿನ ಚಗಟೆ ಸೊಪ್ಪು ತುಳುವಿನಲ್ಲಿ ತಜಂಕ್, ಕೊಂಕಣಿಯಲ್ಲಿ ತಾಯ್ಕಿಳೊ, ಇಲ್ಲಿ ಮರಾಠಿಯಲ್ಲಿ ಟಾಕಳಾ. ಕೆಸು ತುಳುವರಿಗೆ ತೇವು, ಮರಾಠಿಯವರಿಗೆ ಅಳೂ. ಮಾಡಹಾಗಲ ಇಲ್ಲಿ ಕರ್ಟೋಲಿ. ಕಳಲೆಯನ್ನು ತುಳುವಿನಲ್ಲಿ ಕಣಿಲೆ ಎನ್ನುತ್ತಾರೆ. ಮುಂಬಯಿಯಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಟಾಕಳಾ ಗೊತ್ತು, ತಜಂಕ್ ಗೊತ್ತು, ಎರಡೂ ಒಂದೇ ಎಂದು ಗೊತ್ತಿಲ್ಲ. ಹಾಗಾಗಿ ಊರಿನಲ್ಲಿ ಅಜ್ಜಿ ಹೇಳಿದ ಸೊಪ್ಪು ಸ್ಟೇಷನ್ನಿನ ಹೊರಗೇ ಸಿಗುತ್ತಿದ್ದರೂ ಅವರು ದಾಟಿ ಹೋಗುತ್ತಾರೆ. ನನ್ನ ನೋಟ್‌ಬುಕ್ಕಿನ ಪ್ರತಿ ಪುಟದ ಮೇಲೆ ಇರುವಷ್ಟೂ ಭಾಷೆಗಳ ಹೆಸರು ಸಾಲಾಗಿ ಇರುತ್ತವೆ.

ಮೂರನೆಯದು, ಕಾಡಿನ ಅಡುಗೆಯಲ್ಲಿ ರುಚಿಯ ಜೊತೆಗೆ ಜಾಗ್ರತೆಯೂ ಬೇಕು. ಮೊದಲ ಮಳೆಗೆ ಬರುವ ಶೇವಳಾ ಕಾಡುಸುವರ್ಣಗೆಡ್ಡೆಯ ಜಾತಿ. ಹಾಗೇ ಬೇಯಿಸಿದರೆ ಗಂಟಲು ಕೆರೆಯುತ್ತದೆ. ಅದಕ್ಕೇ ಮಾರುವವಳು ಪಕ್ಕದಲ್ಲಿ ಕಾಕಡ ಎಂಬ ಹುಳಿ ಕಾಯಿಯನ್ನೂ ಇಟ್ಟುಕೊಂಡಿರುತ್ತಾಳೆ. ಎರಡನ್ನೂ ಸೇರಿಸಿಯೇ ಮಾಡಬೇಕು. ಪತ್ರೊಡೆಯ ಹಿಟ್ಟಿಗೆ ನಾವು ಹುಣಸೆಹುಳಿ ಧಾರಾಳವಾಗಿ ಹಾಕುವುದೂ ಕೆಸುವಿನ ತುರಿಕೆ ಮುರಿಯಲಿಕ್ಕೇ. ಕಳಲೆಯನ್ನು ಹೆಚ್ಚಿ, ನೀರು ಬದಲಿಸುತ್ತಾ ದಿನಗಟ್ಟಲೆ ನೆನೆಸಿದ ಮೇಲೆಯೇ ಒಲೆಗೆ ಏರಿಸುತ್ತೇವೆ. ಹಿಂದಿನವರು ಬಾಯಿಮಾತಿನಲ್ಲಿ ದಾಟಿಸಿದ ಈ ತಿಳಿವಳಿಕೆ ಒಂದು ತಲೆಮಾರು ಸುಮ್ಮನಿದ್ದರೆ ಸಾಕು, ಕಡಿದುಹೋಗುತ್ತದೆ.

ಇಲ್ಲಿ ನಾವು ಹೆಂಗಸರು ಯೋಚಿಸಬೇಕಾದ ಒಂದು ಮಾತಿದೆ. ಕನ್ನಡದಲ್ಲಿ ಅಡುಗೆಯ ಬರಹ ಹೊಸದಲ್ಲ. ಸುಮಾರು 1025ರ ‘ಲೋಕೋಪಕಾರ’ದಲ್ಲಿ ಚಾವುಂಡರಾಯ ಅಡುಗೆಗೆ ಒಂದು ಭಾಗವನ್ನೇ ಕೊಟ್ಟಿದ್ದಾನೆ. ಮೂರನೆಯ ಮಂಗರಸ ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲೇ ಬರೆದ. ಇಬ್ಬರೂ ಗಂಡಸರು. ಒಲೆಯ ಮುಂದೆ ದಿನವೂ ಕೂತವಳ ಕೈಬರಹ ಮಾತ್ರ ನಮಗೆ ಸಿಕ್ಕಿಲ್ಲ. ಆ ಕೊರತೆಯನ್ನು ತುಂಬಿದ ಕೆಲಸವೊಂದು ಇದೇ ಊರಿನಲ್ಲಿ ನಡೆದಿದೆ. ಕೆನರಾ ಜಿಲ್ಲೆಯಿಂದ ಬಂದು ಇಲ್ಲಿ ನೆಲೆಸಿದ ಸಾರಸ್ವತರ ಮಹಿಳಾ ಸಮಾಜವು 1943ರಲ್ಲಿ ಅಂಬಾಬಾಯಿ ಸಂಶಿಯವರ ‘ರಸಚಂದ್ರಿಕಾ’ವನ್ನು ಮರಾಠಿಯಲ್ಲಿ ಹೊರತಂದಿತು. ಮುಂದೆ ಅದು ಇಂಗ್ಲಿಷಿಗೂ ಹೋಯಿತು. ನಮ್ಮಂಥದೇ ಒಂದು ಮಹಿಳಾ ಸಂಘ ಮಾಡಿದ ಕೆಲಸ ಅದು.

ಇನ್ನೊಂದು ಕಾರಣ ನಮ್ಮ ಮನೆಯದು. ನನ್ನ ಅತ್ತೆಗೆ ಈಗ ಎಂಬತ್ತನಾಲ್ಕು. ಎರಡು ವರ್ಷದಿಂದ ಮರೆವು ಜೋರಾಗಿದೆ. ಮೊಮ್ಮಕ್ಕಳ ಹೆಸರೂ ಕೆಲವೊಮ್ಮೆ ತಪ್ಪುತ್ತದೆ. ಮೊದಲ ಮೂರು ನೋಟ್‌ಬುಕ್ಕುಗಳಲ್ಲಿರುವ ಬಹುಪಾಲು ಅವರು ಹೇಳಿ ಬರೆಸಿದ್ದೇ. ಸಂಜೆ ಅವರು ಚಡಪಡಿಸಲು ಶುರುಮಾಡಿದರೆ ಆ ಪುಟಗಳನ್ನು ಓದಿ ಹೇಳುತ್ತೇನೆ. “ತಜಂಕಿಗೆ ಹಲಸಿನ ಬೀಜ ಹಾಕು” ಎಂದು ಬರೆದಿರುವಲ್ಲಿಗೆ ಬಂದಾಗ, “ಬೀಜ ಮೊದಲು ಬೇಯಲಿ ಮಾರಾಯ್ತಿ” ಎಂದು ತಾವೇ ಸೇರಿಸುತ್ತಾರೆ. ಅದು ಪುಸ್ತಕದಲ್ಲಿಲ್ಲದ ಮಾತು. ಪಕ್ಕದಲ್ಲಿ ಪೆನ್ಸಿಲಿನಿಂದ ಬರೆದುಕೊಳ್ಳುತ್ತೇನೆ. ಮಗ ಡಾಕ್ಟರರ ಹತ್ತಿರ ಔಷಧಿ ಕೇಳುತ್ತಾನೆ, ಅದು ಬೇಕು. ಈ ಪುಟಗಳು ಔಷಧಿಯೇನಲ್ಲ. ಆದರೆ ಆ ಅರ್ಧ ಗಂಟೆ ನಮ್ಮ ಮನೆಯಲ್ಲಿ ಅವರೇ ಹೇಳಿಕೊಡುವವರು, ನಾನು ಕಲಿಯುವವಳು.

ಕೊನೆಯದಾಗಿ, ಬರೆಯುವ ಹೊತ್ತು ನಮ್ಮದೇ ಹೊತ್ತು. ಬೆಳಗ್ಗೆ ನೀರು ಬರುವ ಸಮಯ, ಮಕ್ಕಳ ಡಬ್ಬಿ, ಲೋಕಲ್ಲಿನ ಸಮಯ, ಎಲ್ಲವೂ ಬೇರೆಯವರದು. ರಾತ್ರಿಯ ಆ ಹದಿನೈದು ನಿಮಿಷ ಯಾರಿಗೂ ಲೆಕ್ಕ ಒಪ್ಪಿಸಬೇಕಿಲ್ಲ.

ನಿಮ್ಮಲ್ಲಿ ಒಬ್ಬರಿಗೆ ರಂಗೋಲಿ, ಒಬ್ಬರಿಗೆ ಕುಂಡದ ಗಿಡ, ಇನ್ನೊಬ್ಬರಿಗೆ ಹಳೆಯ ಸೋಬಾನೆ ಹಾಡು ಪ್ರೀತಿ ಇರಬಹುದು. ಚೆನ್ನಾಗಿ ಬರೆಯಬೇಕೆಂದಿಲ್ಲ. ತಾರೀಕು ಹಾಕಿ, ಎಲ್ಲಿ ಸಿಕ್ಕಿತು, ಯಾರು ಹೇಳಿದರು, ಹೇಗೆ ಮಾಡಿದಿರಿ ಎಂದು ನಾಲ್ಕು ಸಾಲು ಸಾಕು. ಕನ್ನಡ ಅಕ್ಷರ ಕೈಗೆ ಬಾರದವರು ಮಾತಾಡಿ, ಮಗಳ ಕೈಲಿ ಬರೆಸಿ; ಅವಳಿಗೂ ನಾಲ್ಕು ಅಕ್ಷರ ಉಳಿದಂತಾಗುತ್ತದೆ.

ಮುಂದಿನ ಆಟಿ ಕೂಟಕ್ಕೆ ಪ್ರತಿಯೊಬ್ಬರೂ ಒಂದು ತಿಂಡಿಯ ಜೊತೆಗೆ ಒಂದು ಪುಟವನ್ನೂ ತನ್ನಿ ಎಂದು ಕೇಳಿಕೊಳ್ಳುತ್ತೇನೆ.