ಸಂತೆಯ ಲೆಕ್ಕ ಹಲಗೆಗೆ ಬರಲಿ
(ಶಾಲೆಯ ಸುವರ್ಣ ಮಹೋತ್ಸವದ ಶೈಕ್ಷಣಿಕ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ಐವತ್ತು ವರ್ಷ ತುಂಬಿದ ಶಾಲೆಯ ಹಬ್ಬದಲ್ಲಿ ಗಣಿತದ ಬಗ್ಗೆ ನಾಲ್ಕು ಮಾತು ಆಡಿರಿ ಎಂದು ಗೆಳೆಯರು ಹೇಳಿದ್ದಾರೆ. ಹೋಳಿಗೆ ಊಟಕ್ಕೆ ಬಂದವರಿಗೆ ಹಾಗಲಕಾಯಿ ಬಡಿಸಿದಂತೆ ಆಗಬಾರದು ಎಂಬ ಎಚ್ಚರ ನನಗಿದೆ. ಆದರೆ ಸರಕಾರಿ ಪ್ರೌಢಶಾಲೆಗಳಲ್ಲಿ ಗಣಿತ ಕಲಿಸುತ್ತಲೇ ತಲೆ ನರೆತ ನನಗೆ ಬೇರೆ ವಿಷಯ ತಿಳಿಯದು.

ನಮ್ಮ ಹಳ್ಳಿ ಮಕ್ಕಳಿಗೆ ಲೆಕ್ಕ ಬರುವುದಿಲ್ಲ ಎನ್ನುತ್ತಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಸಂತೆಯಲ್ಲಿ ತಾಯಿಯ ಪಕ್ಕ ಕುಳಿತ ಹುಡುಗಿಯನ್ನು ನೋಡಿರಿ. ಕಿಲೋಗೆ 40 ರೂಪಾಯಿಯ ಬದನೆಕಾಯಿಯನ್ನು ಮುಕ್ಕಾಲು ಕಿಲೋ ತೂಗಿ, ನೂರರ ನೋಟು ಪಡೆದು, 70 ರೂಪಾಯಿ ಮರಳಿ ಕೊಡುತ್ತಾಳೆ. ಪೆನ್ನು ಬೇಡ, ಹಾಳೆ ಬೇಡ. ಮರುದಿನ ಅದೇ ಲೆಕ್ಕವನ್ನು ಹಲಗೆಯ ಮೇಲೆ ಭಿನ್ನರಾಶಿಯಾಗಿ ಬರೆದರೆ, "ನನಗ ಗಣಿತ ತಲಿಗೆ ಹತ್ತಂಗಿಲ್ರಿ ಸರ್" ಎಂದು ತಲೆ ತಗ್ಗಿಸುತ್ತಾಳೆ. ಅವಳಿಗೆ ಲೆಕ್ಕ ಬರುತ್ತದೆ. ಬಾರದೆ ಇರುವುದು ಲೆಕ್ಕದ ಬರಹ.

ಇದು ನಮ್ಮ ಊರಿನ ಕಥೆ ಮಾತ್ರವಲ್ಲ. ಬ್ರೆಜಿಲ್ ದೇಶದ ರೆಸಿಫೆ ನಗರದಲ್ಲಿ ಬೀದಿ ವ್ಯಾಪಾರ ಮಾಡುವ ಐದು ಮಕ್ಕಳನ್ನು ಸಂಶೋಧಕರು ಪರೀಕ್ಷಿಸಿದರು. 1985ರಲ್ಲಿ ಅದು ಪ್ರಕಟವಾಯಿತು. ವ್ಯಾಪಾರದ ನಡುವೆ ಕೇಳಿದಾಗ ನೂರಕ್ಕೆ 98 ಉತ್ತರ ಸರಿ ಇದ್ದವು. ಅಂಥವೇ ಲೆಕ್ಕಗಳನ್ನು ಬರಿಯ ಅಂಕಿಗಳಲ್ಲಿ ಕೊಟ್ಟಾಗ ಸರಿ ಬಂದದ್ದು ನೂರಕ್ಕೆ 37 ಮಾತ್ರ.

ವ್ಯವಹಾರದಿಂದ ಗಣಿತ ಕಲಿಸುವುದು ನಮಗೆ ಹೊಸತೂ ಅಲ್ಲ. 12ನೆಯ ಶತಮಾನದಲ್ಲಿ ರಾಜಾದಿತ್ಯನೆಂಬ ಜೈನ ಕವಿ ಕನ್ನಡದಲ್ಲಿ ಗಣಿತ ಬರೆದ. ಅವನ ಗ್ರಂಥದ ಹೆಸರೇ 'ವ್ಯವಹಾರಗಣಿತ'. ಅವನ ಊರು ಪೂವಿನಬಾಗೆ. ಅದು ನಮ್ಮ ನೆರೆಯ ರಾಯಬಾಗ ಎಂದು ಗುರುತಿಸಿದವರಿದ್ದಾರೆ. ಈ ಮಣ್ಣಿನ ಮಕ್ಕಳು ಗಣಿತಕ್ಕೆ ಹೆದರುವುದು ಎಂದರೇನು?

ಈಗ ಸರಕಾರಿ ಪ್ರಾಥಮಿಕ ಶಾಲೆಗಳಲ್ಲಿ ನಲಿ-ಕಲಿ ಇದೆ, ಗಣಿತ ಕಲಿಕಾ ಆಂದೋಲನದ ಕಿಟ್ ಇದೆ. ಮಣಿ, ದಾಳ, ಆಟದ ನೋಟು ಹಿಡಿದು ಮಕ್ಕಳು ಕಲಿಯುತ್ತಾರೆ. ಪ್ರೌಢಶಾಲೆಗೆ ಬಂದ ಕೂಡಲೇ ಆಟ ನಿಲ್ಲುತ್ತದೆ, ಸೂತ್ರ ಶುರುವಾಗುತ್ತದೆ. ಎಸ್ಸೆಸ್ಸೆಲ್ಸಿಯ ಭಯ ಅಲ್ಲಿಯೇ ಹುಟ್ಟುತ್ತದೆ. ಅದಕ್ಕಾಗಿ ದೊಡ್ಡ ಮಕ್ಕಳಿಗೂ ಒದಗುವ, ನಾನು ಮಾಡಿಸಿದ ಕೆಲವು ಚಟುವಟಿಕೆಗಳನ್ನು ಹೇಳುತ್ತೇನೆ.

ಮೊದಲನೆಯದು ಚೌಕಾಬಾರ. ನಾಲ್ಕು ಹುಣಸೆ ಬೀಜಗಳನ್ನು ಒಂದು ಮಗ್ಗುಲು ಬಿಳಿಯಾಗುವಂತೆ ಕಲ್ಲಿಗೆ ತಿಕ್ಕಬೇಕು. ಎಷ್ಟು ಬಿಳಿ ಮೇಲೆ ಬಿದ್ದವೋ ಅಷ್ಟು ಮನೆ. ನಾಲ್ಕೂ ಕಪ್ಪಾದರೆ ಎಂಟು. ಎಂಟು ಅಪರೂಪ, ಎರಡು ಮೇಲಿಂದ ಮೇಲೆ ಬೀಳುತ್ತದೆ ಎಂಬುದು ಆಡಿದ ಮಕ್ಕಳಿಗೆ ಗೊತ್ತು. ಯಾಕೆ ಎಂದು ಕೇಳಿರಿ. ನಾಲ್ಕು ಬೀಜಗಳು ಬೀಳುವ ರೀತಿ ಒಟ್ಟು 16. ಅವುಗಳಲ್ಲಿ ಎರಡು ಬಿಳಿ ಬರುವುದು 6 ರೀತಿ, ಎಲ್ಲ ಕಪ್ಪು ಬರುವುದು ಒಂದೇ ರೀತಿ. ನೂರು ಸಲ ಹಾಕಿಸಿ ಬರೆಸಿರಿ. ಲೆಕ್ಕಕ್ಕೂ ಆಟಕ್ಕೂ ಅಂತರ ಬಂದರೆ, ಬೀಜದ ಎರಡೂ ಮಗ್ಗುಲು ಒಂದೇ ಸಮ ಇಲ್ಲ ಎಂದು ಮಕ್ಕಳೇ ಹೇಳುತ್ತಾರೆ. ಹತ್ತನೆಯ ತರಗತಿಯ ಸಂಭವನೀಯತೆ ಅಧ್ಯಾಯ ಇಷ್ಟರಲ್ಲಿ ಅರ್ಧ ಮುಗಿದಿರುತ್ತದೆ.

ಎರಡನೆಯದು ಗುಂಟೆ. ರೈತರ ಮಕ್ಕಳಿಗೆ 40 ಗುಂಟೆಗೆ ಒಂದು ಎಕರೆ ಎಂದು ಗೊತ್ತು. ಗುಂಟೆ ಕಣ್ಣಿಗೆ ಎಷ್ಟು ಕಾಣುತ್ತದೆ ಎಂದು ತಿಳಿಯದು. ಮೈದಾನದಲ್ಲಿ ಹಗ್ಗ ಹಿಡಿದು 33 ಅಡಿಯ ಚೌಕ ಹಾಕಿಸಿರಿ. ಅದೇ ಒಂದು ಗುಂಟೆ, 1,089 ಚದರ ಅಡಿ. ನಾಲ್ಕು ಅಡಿಗೊಂದು ಕಬ್ಬಿನ ಸಾಲು ಎಂದರೆ ಅದರಲ್ಲಿ 8 ಸಾಲು, ಒಟ್ಟು 264 ಅಡಿ. ನಲವತ್ತರಿಂದ ಗುಣಿಸಿದರೆ ಎಕರೆಗೆ 10,560 ಅಡಿ. ಆದರೆ ಎಕರೆಯ 43,560 ಚದರ ಅಡಿಯನ್ನು ನೇರವಾಗಿ ನಾಲ್ಕರಿಂದ ಭಾಗಿಸಿದರೆ 10,890 ಬರುತ್ತದೆ. ಉಳಿದ 330 ಅಡಿ ಎಲ್ಲಿ ಹೋಯಿತು? ಪ್ರತಿ ಗುಂಟೆಯ ಅಂಚಿನಲ್ಲಿ ನಾವು ಬಿಟ್ಟ ಒಂದು ಅಡಿಯ ಪಟ್ಟಿಯಲ್ಲಿ! ಅದನ್ನು ಹುಡುಕುವ ಮಕ್ಕಳ ಮುಖ ನೋಡಬೇಕು.

ಮೂರನೆಯದು ನೆರಳು. ಒಂದು ಮೀಟರ್ ಕೋಲಿನ ನೆರಳು 80 ಸೆಂಟಿಮೀಟರ್ ಇದ್ದಾಗ, ಧ್ವಜಸ್ತಂಭದ ನೆರಳು 5.2 ಮೀಟರ್ ಬಂತೆಂದುಕೊಳ್ಳಿರಿ. ಸ್ತಂಭದ ಎತ್ತರ 6.5 ಮೀಟರ್. ಸಮರೂಪ ತ್ರಿಭುಜ ಅಂಗಳದಲ್ಲಿಯೇ ಬಿದ್ದಿರುತ್ತದೆ. ನಮ್ಮ ಗೋಕಾಕ ಫಾಲ್ಸಿನ ಎತ್ತರ ಸುಮಾರು 52 ಮೀಟರ್. ಅಂಥ ಎಂಟು ಕಂಬ ಒಂದರ ಮೇಲೊಂದು ನಿಲ್ಲಿಸಿದಷ್ಟು ಎಂದಾಗ ಮಕ್ಕಳು ಬಾಯಿ ತೆರೆದು ಮೇಲೆ ನೋಡುತ್ತಾರೆ.

ಮಕ್ಕಳ ಸಂತೆ, ಮೆಟ್ರಿಕ್ ಮೇಳ ಈಗ ಅನೇಕ ಶಾಲೆಗಳಲ್ಲಿ ನಡೆಯುತ್ತವೆ. ಸಂತೋಷ. ಆದರೆ ಫೋಟೊ ತೆಗೆದು ಮುಗಿಸಬಾರದು. ನಿಜವಾದ ಪಾಠ ಮರುದಿನದ್ದು. 200 ರೂಪಾಯಿಗೆ ತಂದು 260ಕ್ಕೆ ಮಾರಿದವನಿಗೆ ಲಾಭ ಶೇಕಡಾ 30. ಆಟೋಕ್ಕೆ ಕೊಟ್ಟ 20 ರೂಪಾಯಿ ಸೇರಿಸಿದರೆ? ಲಾಭ 40ಕ್ಕೆ ಇಳಿದು, ಶೇಕಡಾ 18ರ ಆಸುಪಾಸು ಆಯಿತು. ಮನೆಯ ಹಿತ್ತಲಿನ ಸೊಪ್ಪು ತಂದವಳ ಬಂಡವಾಳ ಸೊನ್ನೆಯೇ? ಅವ್ವ ನೀರು ಹಾಯಿಸಿದ ದುಡಿಮೆಗೆ ಬೆಲೆ ಇಲ್ಲವೇ? ಈ ಪ್ರಶ್ನೆ ಕೇಳಿ, ಉತ್ತರವನ್ನು ನೋಟುಬುಕ್ಕಿನಲ್ಲಿ ಬರೆಸಿದಾಗಲೇ ಸಂತೆ ಗಣಿತವಾಗುತ್ತದೆ. ಬರೆಯದ ಆಟ ಆಟವಾಗಿಯೇ ಉಳಿಯುತ್ತದೆ. ಶಿಕ್ಷಕ ಮಿತ್ರರಲ್ಲಿ ನನ್ನ ಮುಖ್ಯ ವಿನಂತಿ ಇದೊಂದೇ: ಮೊದಲು ಕೈ, ಆಮೇಲೆ ಬಾಯಿ, ಕೊನೆಗೆ ಹಲಗೆ. ಈ ಮೂರರಲ್ಲಿ ಯಾವುದನ್ನೂ ಬಿಡಬೇಡಿರಿ.

ಇದೆಲ್ಲ ಅಂಕಕ್ಕಾಗಿ ಮಾತ್ರವೇ ಎಂದು ಕೇಳಬಹುದು. ತಾಯಂದಿರು ಇಲ್ಲಿ ಬಹಳ ಜನ ಕುಳಿತಿದ್ದೀರಿ, ನಿಮಗಾಗಿ ಒಂದು ಲೆಕ್ಕ. 12,000 ರೂಪಾಯಿ ಸಾಲ, ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ಬಡ್ಡಿ, ಹನ್ನೆರಡು ಕಂತು. ಸಾವಿರಕ್ಕೊಂದರಂತೆ ಹನ್ನೆರಡು ಹರಳು ಇಡಿರಿ. ತಿಂಗಳಿಗೊಂದು ಹರಳು ಮರಳಿ ಕೊಡುತ್ತೀರಿ. ಒಂದು ಹರಳಿಗೆ ತಿಂಗಳ ಬಡ್ಡಿ ಹತ್ತು ರೂಪಾಯಿ. ನಿಮ್ಮ ಕೈಯಲ್ಲಿ ಉಳಿದ ಹರಳಿಗೆ ಮಾತ್ರ ಬಡ್ಡಿ ಎಂದರೆ, 12, 11, 10 ಎಂದು ಒಂದರವರೆಗೆ ಕೂಡಿಸಬೇಕು. 78 ಆಯಿತು, ಬಡ್ಡಿ 780 ರೂಪಾಯಿ. ಕೊನೆಯ ತಿಂಗಳವರೆಗೂ ಹನ್ನೆರಡೂ ಹರಳಿಗೆ ಬಡ್ಡಿ ಹಿಡಿದರೆ 144 ಆಯಿತು, 1,440 ರೂಪಾಯಿ. ಬಡ್ಡಿ ದರ ಒಂದೇ, ಅಂತರ 660 ರೂಪಾಯಿ! ಮರಳಿ ಕೊಟ್ಟ ಹಣಕ್ಕೂ ಬಡ್ಡಿ ಕಟ್ಟಿದಂತಾಯಿತು.

ಹತ್ತನೆಯ ತರಗತಿಯಲ್ಲಿ ಸಮಾಂತರ ಶ್ರೇಢಿ ಎಂಬ ಅಧ್ಯಾಯವಿದೆ. 12ನ್ನು 13ರಿಂದ ಗುಣಿಸಿ ಎರಡರಿಂದ ಭಾಗಿಸಿದರೆ ಅದೇ 78. "ಇದನ್ನ ಕಲ್ತು ಏನ್ ಮಾಡೂದೈತಿ?" ಎಂದು ಕೇಳುವ ಮಗಳು, ಸಾಲದ ಕಾಗದಕ್ಕೆ ಅವ್ವ ಸಹಿ ಮಾಡುವ ಮುನ್ನ, "ತಡಿಯವ್ವಾ, ಬಡ್ಡಿ ಉಳಿದ ಹಣಕ್ಕೋ, ಪೂರ್ತಿ ಹಣಕ್ಕೋ ಕೇಳೋಣು" ಎಂದರೆ, ಆ ಅಧ್ಯಾಯ ಕಲಿತದ್ದು ಸಾರ್ಥಕ.

ಹಳೆಯ ವಿದ್ಯಾರ್ಥಿಗಳು ಶಾಲೆಗೆ ಏನು ಕೊಡಬೇಕು ಎಂದು ಕೇಳುತ್ತಿದ್ದಾರೆ. ಕಟ್ಟಡ, ಕಂಪ್ಯೂಟರ್ ಕೊಡಿರಿ, ಬೇಡ ಎನ್ನುವುದಿಲ್ಲ. ಅದರ ಜೊತೆಗೆ ವರ್ಷಕ್ಕೆ ಒಂದು ತಾಸು ಕೊಡಿರಿ. ನಿಮ್ಮಲ್ಲಿ ಗವಂಡಿ ಇದ್ದೀರಿ, ಟೇಲರ್ ಇದ್ದೀರಿ, ಕಿರಾಣಿ ಅಂಗಡಿಯವರು, ಮಿಲ್ಲಿನಲ್ಲಿ ದುಡಿದವರು, ಸಂಘದ ಲೆಕ್ಕ ಬರೆಯುವ ಅಕ್ಕಂದಿರು ಇದ್ದೀರಿ. ಗವಂಡಿ 3, 4, 5 ಅಳತೆಯ ದಾರ ಹಿಡಿದು ಗೋಡೆಯ ಮೂಲೆ ನೇರ ಮಾಡುವುದನ್ನು ಮಕ್ಕಳಿಗೆ ತೋರಿಸಲಿ. ಅದು ಪೈಥಾಗೊರಸನ ಪ್ರಮೇಯ ಎಂದು ಗುರುಗಳು ಹಲಗೆಯ ಮೇಲೆ ಬರೆಯಲಿ. ಇಬ್ಬರೂ ಒಂದೇ ತರಗತಿಯಲ್ಲಿ ನಿಂತರೆ ಸಾಕು, ಗಣಿತ ಯಾವ ಮಗುವಿಗೂ ಪರಕೀಯವಾಗದು.