ಕೊನೆಯ ಕಾಗದ
(ಗ್ರಾಮಸೇವಕರೊಬ್ಬರ ಭಾಷಣ)



ಗೊಬ್ಬರದ ವಿಚಾರ ಮಾತಾಡುತ್ತೇನೆಂದು ತಾವೆಲ್ಲ ಬಂದಿದ್ದೀರಿ. ಅದು ಮುಂದಿನ ವಾರಕ್ಕಿರಲಿ. ಇಂದು ಒಂದು ಕಾಗದದ ವಿಚಾರ ಹೇಳುತ್ತೇನೆ.

1999ರ ಜೂನ್ ತಿಂಗಳು. ಹುಣಸೂರು, ಪಿರಿಯಾಪಟ್ಟಣದ ಕಡೆ ನಾವು ಹೊಗೆಸೊಪ್ಪಿನ ಪೈರಿನ ಚಿಂತೆಯಲ್ಲಿದ್ದ ಕಾಲ. ಆಗ ಕಾರ್ಗಿಲ್ ಕಡೆಯ ದ್ರಾಸ್ ಬೆಟ್ಟಗಳಲ್ಲಿ ಯುದ್ಧ ನಡೆದಿತ್ತು. ಎರಡನೆಯ ರಜಪೂತಾನಾ ರೈಫಲ್ಸ್ ಪಡೆಯ ಕ್ಯಾಪ್ಟನ್ ವಿಜಯಂತ್ ಥಾಪರ್ ಅವರಿಗೆ 22 ವರ್ಷ. ತೋಲೋಲಿಂಗ್ ಶಿಖರ ಗೆದ್ದವರಲ್ಲಿ ಅವರೂ ಒಬ್ಬರು. ಮುಂದಿನ ದಾಳಿಗೆ ಹೊರಡುವ ಮೊದಲು ಅವರು ಮನೆಗೊಂದು ಕಾಗದ ಬರೆದಿಟ್ಟರು. ತಾನು ಹಿಂತಿರುಗದಿದ್ದರೆ ಮಾತ್ರ ಅದು ಮನೆ ಸೇರಬೇಕು. ಜೂನ್ 29ರಂದು ಅವರು ಮಡಿದರು. ಸರ್ಕಾರ ವೀರಚಕ್ರ ಕೊಟ್ಟಿತು. ಕಾಗದ ತಂದೆತಾಯಿಗಳ ಕೈ ಸೇರಿತು.

ಅದರಲ್ಲಿ ಏನಿತ್ತು ಬಲ್ಲಿರಾ? ತನಗೆ ಪಶ್ಚಾತ್ತಾಪವಿಲ್ಲವೆಂದು ಬರೆದಿದ್ದರು. ತನ್ನ ದೇಹದಿಂದ ಬೇರೆಯವರಿಗೆ ಉಪಯೋಗವಾಗುವ ಅಂಗಗಳಿದ್ದರೆ ತೆಗೆದುಕೊಳ್ಳಲಿ ಎಂದಿದ್ದರು. ಅನಾಥಾಲಯಕ್ಕೆ ಸ್ವಲ್ಪ ಹಣ. ಕುಪ್ವಾರದಲ್ಲಿ ತನಗೆ ಪರಿಚಯವಾಗಿದ್ದ ಒಬ್ಬ ಪುಟ್ಟ ಹುಡುಗಿಗೆ ತಿಂಗಳಿಗೆ 50 ರೂಪಾಯಿ. ಸಾವಿನ ಎದುರು ಕೂತು ಐವತ್ತು ರೂಪಾಯಿಯ ಲೆಕ್ಕ ಮರೆಯದ ಮನಸ್ಸು ಎಂಥದು, ನೋಡಿ. ಆ ಕಾಗದದ ಫೋಟೋವನ್ನು ದೇಶದ ಜನ ನೋಡಿದ್ದಾರೆ. ಅಚ್ಚಿನ ಅಕ್ಷರಕ್ಕಿಂತ ಆ ಕೈಬರಹ ಕಂಡರೆ ಎದೆ ಹಿಡಿದಂತಾಗುತ್ತದೆ.

ನಮ್ಮ ಸೀಮೆಯವರೂ ಯುದ್ಧಕ್ಕೆ ಹೋದವರೇ. 1918ರ ಸೆಪ್ಟೆಂಬರ್ 23ರಂದು ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆ ಜೋಧಪುರದವರೊಡನೆ ಸೇರಿ ದೂರದ ಹೈಫಾ ಪಟ್ಟಣವನ್ನು ಗೆದ್ದಿತು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕವಿದೆ. ಅದೇ ಮಹಾಯುದ್ಧದಲ್ಲಿ ಫ್ರಾನ್ಸಿಗೆ ಹೋಗಿದ್ದ ಭಾರತದ ಸಿಪಾಯಿಗಳ ಕಾಗದಗಳನ್ನು ಆಗಿನ ಸರ್ಕಾರದವರು ಒಡೆದು ಓದುತ್ತಿದ್ದರು. ಅವರು ಇಂಗ್ಲಿಷಿಗೆ ಇಳಿಸಿಕೊಂಡ ತುಣುಕುಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಅನುಮಾನದಿಂದ ಓದಿದವರೇ ಉಳಿಸಿಕೊಟ್ಟಂತಾಯಿತು!

ಈಗ ನನ್ನ ತಪ್ಪನ್ನು ಹೇಳಬೇಕು. ಕೋಟೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಒಬ್ಬ ಅಜ್ಜಿ, 1971ರ ಯುದ್ಧದಲ್ಲಿ ಮಡಿದ ತಮ್ಮ ಅಣ್ಣನ ಕಾಗದವನ್ನು ನನ್ನಿಂದ ಓದಿಸಿದರು. ಜೇಬಿನಲ್ಲಿ ಫೋನಿತ್ತು. ಕತ್ತಲಾಗಿದೆ, ಇನ್ನೊಮ್ಮೆ ಬಂದಾಗ ಫೋಟೋ ತೆಗೆದರಾಯಿತು ಎಂದು ಎದ್ದು ಬಂದೆ. ಮಳೆಗಾಲ ಕಳೆದು ಹೋದಾಗ ಅಟ್ಟದ ಪೆಟ್ಟಿಗೆಗೆ ಗೆದ್ದಲು ಹತ್ತಿತ್ತು. ಗೆದ್ದಲಿಗೆ ಔಷಧ ಹೇಳಿಕೊಡುವ ಕೆಲಸದವನು ನಾನು! ಅಜ್ಜಿ ಬೈಯಲಿಲ್ಲ. "ನೀನು ಓದಿದ್ಯಲ್ಲಪ್ಪ, ಏನ್ ಬರ್ದಿದ್ದ ಯೋಳು" ಎಂದರು. ಕೆಂದ ಹಸು ಕರು ಹಾಕಿತೇ ಎಂದು ಕೇಳಿದ್ದೊಂದೇ ನನಗೆ ನೆನಪಿದ್ದುದು. ಅದನ್ನೇ ಎರಡು ಸಲ ಹೇಳಿದೆ.

ಆದುದರಿಂದ, ಇಂಥ ಕಾಗದ ಮನೆಯಲ್ಲಿದ್ದರೆ ಬ್ಯಾರನ್ ಪಕ್ಕದಲ್ಲಾಗಲಿ ಒಲೆಯ ಮೇಲಿನ ಅಟ್ಟದಲ್ಲಾಗಲಿ ಇಡಬೇಡಿ. ಮಡಿಕೆಗಳನ್ನು ನಿಧಾನವಾಗಿ ಬಿಡಿಸಿ, ಹಗಲು ಬೆಳಕಿನ ನೆರಳಿನಲ್ಲಿ ಎರಡು ಮಗ್ಗುಲೂ ಫೋಟೋ ತೆಗೆಸಿ. ವಿಳಾಸ, ಅಂಚೆ ಮುದ್ರೆ ಬಿಡಬೇಡಿ. ಹರಿದಲ್ಲಿ ಗೋಂದು ಟೇಪು ಅಂಟಿಸಬೇಡಿ. ಪ್ರತಿಯೊಂದನ್ನು ಬೇರೆ ಊರಿನ ನೆಂಟರ ಬಳಿ ಇರಿಸಿ. ಫೋನಿಲ್ಲದವರು ಸಂತೆಯ ದಿನ ನನ್ನನ್ನು ಕೇಳಿ. ಮನೆಗೇ ಬರುತ್ತೇನೆ, ಕತ್ತಲಾಗುವ ಮೊದಲೇ ಬರುತ್ತೇನೆ.